ಟಿಸಿ ಇಲ್ಲದೆ ಬಂದ ಹುಡುಗ: ಬೆಂಗಳೂರಿನ ಎಚ್‌ಎಂಗಳಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಲ್ಲ ಮುಖ್ಯ ಶಿಕ್ಷಕರಿಗೆ,

ನಮಸ್ಕಾರ.

ನಾನು ಹೆಣ್ಣೂರು ಕಡೆ ಇರುವವಳು. ನಮ್ಮಮ್ಮ ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಮಿಸ್ ಆಗಿದ್ದರು, ಕೊನೆಯ ಆರು ವರ್ಷ ಎಚ್‌ಎಂ. ಹಾಗಾಗಿ ನಿಮ್ಮ ಮೇಜಿನ ಮೇಲೆ ಏನೇನು ಬಿದ್ದಿರುತ್ತದೆ ಎಂದು ನನಗೆ ಸ್ವಲ್ಪ ಗೊತ್ತು. ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಗಣತಿ ಡ್ಯೂಟಿ, ಚುನಾವಣೆ ಡ್ಯೂಟಿ, ಮಕ್ಕಳ ದಾಖಲಾತಿ ಇಡುವ ಸರ್ಕಾರಿ ತಂತ್ರಾಂಶ ಸ್ಯಾಟ್ಸ್‌ನಲ್ಲಿ ತುಂಬಬೇಕಾದ ಮಾಹಿತಿ, ಇದೆಲ್ಲದರ ಮಧ್ಯೆ ಪಾಠ. ನಿಮ್ಮನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ನಿಮ್ಮಲ್ಲಿ ಒಂದು ವಿಷಯ ಕೇಳಬೇಕಿದೆ. ಅದನ್ನು ಕೇಳುವ ಮೊದಲು ಮನಮೋಹನ್ ಸಿಂಗ್ ಅವರ ಬಗ್ಗೆ ಸ್ವಲ್ಪ ಹೇಳಬೇಕು.

ಅವರು ಹತ್ತು ವರ್ಷ ಪ್ರಧಾನಿ ಆಗಿದ್ದು ಎಲ್ಲರಿಗೂ ಗೊತ್ತು. ನನಗೆ ಹೇಳಬೇಕಿರುವುದು ಅವರು ಶಾಲೆಯಿಂದ ಶಾಲೆಗೆ ಅಲೆದ ಕಥೆ.

ಅವರು ಹುಟ್ಟಿದ್ದು ಗಾಹ್ ಎಂಬ ಹಳ್ಳಿಯಲ್ಲಿ. ಈಗ ಅದು ಪಾಕಿಸ್ತಾನದ ಚಕ್ವಾಲ್ ಜಿಲ್ಲೆಯಲ್ಲಿದೆ. ಕರೆಂಟ್ ಇರಲಿಲ್ಲ. ತಾಯಿ ಅಮೃತ್ ಕೌರ್ ಮಗ ತೀರಾ ಚಿಕ್ಕವನಿದ್ದಾಗಲೇ ತೀರಿಕೊಂಡರು, ಸಾಕಿದ್ದು ಅಜ್ಜಿ. ಊರಿನ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕ ಇವತ್ತಿಗೂ ಇದೆ. ಅದರಲ್ಲಿ ಅವರ ನಂಬರ್ 187. ಸೇರಿದ ದಿನ 1937ರ ಏಪ್ರಿಲ್ 17. ಹುಟ್ಟಿದ ದಿನ 1932ರ ಫೆಬ್ರವರಿ 4.

ಆದರೆ ಭಾರತದ ಎಲ್ಲ ದಾಖಲೆಗಳಲ್ಲೂ ಅವರ ಹುಟ್ಟಿದ ದಿನ 1932ರ ಸೆಪ್ಟೆಂಬರ್ 26. ಎರಡೂ ತಾಳೆ ಆಗುವುದಿಲ್ಲ. ಇವತ್ತು ಆ ಹುಡುಗ ನಿಮ್ಮ ಕಚೇರಿಗೆ ಬಂದಿದ್ದರೆ ಕಂಪ್ಯೂಟರ್ ಒಪ್ಪುತ್ತಿರಲಿಲ್ಲ, ಅಲ್ವಾ? ನಮಗೇನೂ ಇದು ಹೊಸದಲ್ಲ. ನಮ್ಮಪ್ಪನ ಹುಟ್ಟುಹಬ್ಬ ದಾಖಲೆಯಲ್ಲಿ ಜೂನ್ 1. ನಮ್ಮ ದೊಡ್ಡಪ್ಪನದ್ದೂ ಜೂನ್ 1. ಕರ್ನಾಟಕದಲ್ಲಿ ಆ ವಯಸ್ಸಿನವರನ್ನು ಕೇಳಿ ನೋಡಿ, ಮನೆಗೊಬ್ಬರಾದರೂ ಜೂನ್ ಒಂದರಂದು ಹುಟ್ಟಿದವರು ಸಿಗುತ್ತಾರೆ. ಅಜ್ಜಿಯೋ ಅಪ್ಪನೋ ಮಗುವಿನ ಕೈ ಹಿಡಿದು ಶಾಲೆಗೆ ಕರೆದುಕೊಂಡು ಬರುತ್ತಿದ್ದರು, ಮೇಷ್ಟ್ರು ಮಗುವನ್ನು ಮೇಲಿನಿಂದ ಕೆಳಗೆ ನೋಡಿ ಒಂದು ವರ್ಷ ಅಂದಾಜು ಮಾಡಿ, ಶಾಲೆ ಶುರುವಾಗುವ ತಿಂಗಳ ಮೊದಲ ದಿನ ಬರೆದುಕೊಂಡು, ಹೋಗಿ ಕೂತ್ಕೋ ಎನ್ನುತ್ತಿದ್ದರು. ಆ ಮೇಷ್ಟ್ರು ಬರೆದ ತಾರೀಖು ತಪ್ಪಿರಬಹುದು. ಆದರೆ ನಮ್ಮಪ್ಪ ಓದಿದರು.

ಗಾಹ್‌ನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಇತ್ತು. ಮುಂದೆ ಓದಲು ಚಕ್ವಾಲ್‌ಗೆ, ಆಮೇಲೆ ಅಪ್ಪ ಕೆಲಸ ಮಾಡುತ್ತಿದ್ದ ಪೆಶಾವರಕ್ಕೆ. ಅಪ್ಪ ಒಣಹಣ್ಣಿನ ವ್ಯಾಪಾರದ ಕಂಪನಿಯಲ್ಲಿ ಗುಮಾಸ್ತ. ಹುಡುಗ ಓದಿದ್ದು ಉರ್ದುವಿನಲ್ಲಿ. ಪ್ರಧಾನಿ ಆದ ಮೇಲೂ ಹಿಂದಿ ಭಾಷಣಗಳನ್ನು ಉರ್ದು ಲಿಪಿಯಲ್ಲೇ ಬರೆಸಿಕೊಂಡು ಓದುತ್ತಿದ್ದರು.

1947ರಲ್ಲಿ ಪೆಶಾವರದಲ್ಲಿ ಮೆಟ್ರಿಕ್ ಪರೀಕ್ಷೆ ಬರೆದರು. ಫಲಿತಾಂಶ ಬರಲೇ ಇಲ್ಲ.

ನಾನು ಈ ವಿಷಯ ಓದಿದ ದಿನ ಬೇರೇನೂ ಕೆಲಸ ಮಾಡಲು ಆಗಲಿಲ್ಲ. ಹದಿನಾಲ್ಕು ಹದಿನೈದು ವರ್ಷದ ಹುಡುಗ, ತರಗತಿಯಲ್ಲಿ ಚೆನ್ನಾಗಿ ಓದುವವನು, ಪರೀಕ್ಷೆ ಬರೆದು ಕಾಯುತ್ತಿದ್ದಾನೆ, ಅಷ್ಟರಲ್ಲಿ ದೇಶವೇ ಎರಡಾಯಿತು. ಗಲಭೆಯಲ್ಲಿ ಅಜ್ಜನನ್ನು ಕೊಂದರು. ಮನೆ, ಶಾಲೆ, ಗೆಳೆಯರು, ಬರೆದ ಉತ್ತರ ಪತ್ರಿಕೆ ಎಲ್ಲವೂ ಆ ಕಡೆ ಉಳಿದವು. ಕುಟುಂಬ ಮೊದಲು ಹಿಮಾಲಯದ ಬುಡದ ಹಲ್ದ್ವಾನಿಗೆ ಬಂತು, ಆಮೇಲೆ ಅಮೃತಸರಕ್ಕೆ. ಅವರ ಮೆಟ್ರಿಕ್ ಪಾಸಾದ ವರ್ಷ 1948 ಎಂದು ಎಲ್ಲ ಕಡೆ ಇರುವುದು ಅದಕ್ಕೇ. ಅದೇ ಪರೀಕ್ಷೆಯನ್ನು ಇಲ್ಲಿ ಮತ್ತೆ ಬರೆದರು.

ಅವತ್ತು ಯಾರೋ ಒಬ್ಬರು ಅವರನ್ನು ಮತ್ತೆ ಪರೀಕ್ಷೆಗೆ ಕೂರಲು ಬಿಟ್ಟರು. ಅದು ಯಾರು ಎಂದು ಯಾವ ಪುಸ್ತಕದಲ್ಲೂ ನಾನು ನೋಡಿಲ್ಲ. ಒಬ್ಬ ಗುಮಾಸ್ತರಿರಬಹುದು, ಒಬ್ಬ ಹೆಡ್ ಮೇಷ್ಟ್ರಿರಬಹುದು. ಪೆಶಾವರದಿಂದ ಕಾಗದ ತಂದರೆ ಮಾತ್ರ ಎಂದು ಅವರು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮುಗಿಯಲಿಲ್ಲ. ಅಮೃತಸರದ ಹಿಂದೂ ಕಾಲೇಜು, ಪಂಜಾಬ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ ಅರ್ಥಶಾಸ್ತ್ರದ ಎಂಎ, 1957ರಲ್ಲಿ ಕೇಂಬ್ರಿಜ್, 1962ರಲ್ಲಿ ಆಕ್ಸ್‌ಫರ್ಡ್‌ನ ಡಾಕ್ಟರೇಟ್. ಆಮೇಲೆ ಮೇಷ್ಟ್ರಾದರು. ವಿಶ್ವಸಂಸ್ಥೆಯ ಕೆಲಸ, ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರ, 1982ರಿಂದ 85ರವರೆಗೆ ರಿಸರ್ವ್ ಬ್ಯಾಂಕ್ ಗವರ್ನರ್, ಯೋಜನಾ ಆಯೋಗ, ಯುಜಿಸಿ. 1991ರಲ್ಲಿ ಪ್ರಧಾನಿ ಪಿ.ವಿ. ನರಸಿಂಹ ರಾವ್ ಅವರು ಮನಮೋಹನ್ ಸಿಂಗ್ ಅವರನ್ನು ಕರೆದು ಹಣಕಾಸು ಮಂತ್ರಿ ಮಾಡಿದರು. ಅಲ್ಲಿಯವರೆಗೆ ಅವರು ರಾಜಕಾರಣಿಯೇ ಅಲ್ಲ.

1991ರ ಬಗ್ಗೆ ಬೆಂಗಳೂರಿನವರಾದ ನಾವು ಸ್ವಲ್ಪ ನಿಂತು ಯೋಚಿಸಬೇಕು. ಆಗ ದೇಶದ ಕೈಯಲ್ಲಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ಹಣ ಇತ್ತು, ಚಿನ್ನ ಅಡವಿಡುವ ಸ್ಥಿತಿ. ಜುಲೈ 24ರಂದು ಅವರು ಬಜೆಟ್ ಮಂಡಿಸಿದರು. ಅದೇ ದಿನ ಹೊಸ ಕೈಗಾರಿಕಾ ನೀತಿಯೂ ಬಂತು. ಬಹುಪಾಲು ಕೈಗಾರಿಕೆಗಳಿಗೆ ಲೈಸೆನ್ಸ್ ಬೇಡ ಎಂದಾಯಿತು. ಅದಕ್ಕೂ ಮೊದಲು ಈ ಊರಿನ ಕಂಪನಿಯೊಂದು ಹೊರಗಿನಿಂದ ಒಂದು ಕಂಪ್ಯೂಟರ್ ತರಿಸಬೇಕಾದರೆ ದೆಹಲಿಗೆ ಹೋಗಿ ಕಚೇರಿಯಿಂದ ಕಚೇರಿಗೆ ಅಲೆದು ಪರವಾನಗಿ ತರಬೇಕಿತ್ತು. ಆ ಕಾಗದಗಳ ರಾಶಿ ಕರಗಿದ ಮೇಲೆ ತಾನೇ ಈಗಿನ ಬೆಂಗಳೂರು ಬೆಳೆದಿದ್ದು? ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಹೊರ ವರ್ತುಲ ರಸ್ತೆಯುದ್ದಕ್ಕೂ ನಿಂತಿರುವ ಗಾಜಿನ ಕಟ್ಟಡಗಳು, ಅವನ್ನು ಕಟ್ಟಲು ಎಲ್ಲಿಂದಲೋ ಬಂದ ಜನ.

ಆ ಜನರ ಮಕ್ಕಳ ವಿಷಯಕ್ಕೇ ನಾನು ಬರುತ್ತಿದ್ದೇನೆ.

ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಖಾಲಿ ಸೈಟಿನಲ್ಲಿ ತಗಡಿನ ಶೆಡ್‌ಗಳ ಸಾಲು ಇದೆ. ಗಾರೆ ಕೆಲಸದವರು, ಸೆಂಟ್ರಿಂಗ್ ಕೆಲಸದವರು ಇರುತ್ತಾರೆ. ಕೆಲವರು ರಾಯಚೂರು, ಯಾದಗಿರಿ ಕಡೆಯವರು, ಕೆಲವರು ಒಡಿಶಾ, ಬಿಹಾರ, ಬಂಗಾಳದವರು. ಭಾನುವಾರ ಬೆಳಗ್ಗೆ ನಾನೂ ಇನ್ನೊಬ್ಬ ಗೆಳತಿಯೂ ಅಲ್ಲಿ ಮಕ್ಕಳಿಗೆ ಓದು ಬರಹ ಹೇಳಿಕೊಡುತ್ತೇವೆ. ಎರಡು ವರ್ಷದ ಹಿಂದೆ ರಾಯಚೂರು ಕಡೆಯ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಂದಳು. ಮೂರನೇ ಕ್ಲಾಸ್ ಮುಗಿಸಿದ್ದಳು. ಕನ್ನಡ ಎಷ್ಟು ಚೆನ್ನಾಗಿ ಓದುತ್ತಿದ್ದಳೆಂದರೆ, ನಾನು ಕೊಟ್ಟ ಪುಸ್ತಕ ಅರ್ಧ ಗಂಟೆಯಲ್ಲಿ ಮುಗಿಸಿ ಇನ್ನೊಂದು ಕೊಡ್ರಿ ಅಕ್ಕಾ ಎನ್ನುತ್ತಿದ್ದಳು.

ಅವಳನ್ನು ಹತ್ತಿರದ ಒಂದು ಶಾಲೆಗೆ ಕರೆದುಕೊಂಡು ಹೋದೆ. ಯಾವ ಶಾಲೆ ಎಂದು ಹೇಳುವುದಿಲ್ಲ, ಆ ಮೇಡಂ ಕೆಟ್ಟವರೇನಲ್ಲ. ಟಿಸಿ ತನ್ನಿ ಎಂದರು. ಊರಿನ ಶಾಲೆಗೆ ಫೋನ್ ಮಾಡಿದರೆ, ತಂದೆಯೇ ಬಂದು ಸಹಿ ಹಾಕಿ ತೆಗೆದುಕೊಂಡು ಹೋಗಲಿ ಎಂದರು. ತಂದೆಗೆ ಊರಿಗೆ ಹೋಗಿ ಬರಲು ಮೂರು ದಿನದ ಕೂಲಿ ಹೋಗುತ್ತದೆ, ಮೇಲೆ ಬಸ್ ಚಾರ್ಜ್. ಮುಂದಿನ ವಾರ ಹೋಗ್ತೀನಿ, ಸಂಬಳ ಆದ ಮೇಲೆ ಹೋಗ್ತೀನಿ ಎನ್ನುತ್ತಾ ಜೂನ್ ಹೋಯಿತು, ಜುಲೈ ಹೋಯಿತು. ದಸರಾ ರಜೆ ಬಂದರೂ ಅವಳು ಶೆಡ್‌ನಲ್ಲೇ ತಮ್ಮನನ್ನು ನೋಡಿಕೊಂಡು ಇದ್ದಳು. ದಸರಾ ಆದ ಮೇಲೆ ಆ ಕಟ್ಟಡದ ಕೆಲಸ ಮುಗಿದು ಕುಟುಂಬ ಬೇರೆಲ್ಲಿಗೋ ಹೋಯಿತು. ಎಲ್ಲಿಗೆ ಎಂದು ಪಕ್ಕದ ಶೆಡ್‌ನವರಿಗೂ ಗೊತ್ತಿರಲಿಲ್ಲ. ನನ್ನ ಒಂದು ಪುಸ್ತಕ ಅವಳ ಹತ್ತಿರವೇ ಇದೆ. ಇರಲಿ, ಅವಳದ್ದೇ ಅದು.

ಆಗ ನನಗೆ ಕಾನೂನು ಗೊತ್ತಿರಲಿಲ್ಲ. ಅದು ನನ್ನ ತಪ್ಪು. ಗೊತ್ತಿದ್ದರೆ ಅವತ್ತೇ ಆ ಮೇಡಂ ಹತ್ತಿರ ಕೂತು ಮಾತಾಡುತ್ತಿದ್ದೆ. ಆಮೇಲೆ ಶಿಕ್ಷಣ ಹಕ್ಕು ಕಾಯ್ದೆ ತೆಗೆದು ಓದಿದೆ. 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿ. ಚಿಕ್ಕ ಕಾಯ್ದೆ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಅದರ 5ನೇ ಕಲಂ ಏನು ಹೇಳುತ್ತದೆ ಗೊತ್ತಾ? ಮಗು ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಬೇಕಾಗಿ ಬಂದರೆ, ರಾಜ್ಯದ ಒಳಗಾಗಲಿ ಹೊರಗಾಗಲಿ, ಕಾರಣ ಏನೇ ಇರಲಿ, ಹಾಗೆ ಹೋಗುವ ಹಕ್ಕು ಅದಕ್ಕಿದೆ. ಮೊದಲಿನ ಶಾಲೆಯ ಮುಖ್ಯಸ್ಥರು ಟಿಸಿಯನ್ನು ಕೂಡಲೇ ಕೊಡಬೇಕು, ತಡ ಮಾಡಿದರೆ ಅವರ ಮೇಲೆ ಶಿಸ್ತು ಕ್ರಮ ಆಗಬಹುದು. ಮತ್ತು ಟಿಸಿ ತರಲು ತಡವಾಯಿತು ಎಂಬ ಕಾರಣಕ್ಕೆ ಹೊಸ ಶಾಲೆಯವರು ಪ್ರವೇಶ ತಡ ಮಾಡುವಂತಿಲ್ಲ, ಇಲ್ಲ ಎನ್ನುವಂತೆಯೂ ಇಲ್ಲ.

14ನೇ ಕಲಂ: ವಯಸ್ಸಿನ ದಾಖಲೆ ಇಲ್ಲ ಎಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ. ತಂದೆ ತಾಯಿ ಬರೆದುಕೊಟ್ಟ ಘೋಷಣೆಯೂ ನಡೆಯುತ್ತದೆ ಎಂದು ಕೇಂದ್ರದ ನಿಯಮಗಳಲ್ಲೇ ಇದೆ. 15ನೇ ಕಲಂ: ಶಾಲೆ ಶುರುವಾಗಿ ತಿಂಗಳುಗಳು ಕಳೆದಿವೆ ಎಂಬುದೂ ಕಾರಣವಲ್ಲ. 4ನೇ ಕಲಂ: ಓದು ಮಧ್ಯೆ ನಿಂತ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಬಿಟ್ಟುಹೋದದ್ದನ್ನು ಬೇರೆಯಾಗಿ ಹೇಳಿಕೊಡಬೇಕು. ಆಧಾರ್ ಬಗ್ಗೆಯೂ ಹೇಳಿಬಿಡುತ್ತೇನೆ. ಶಾಲೆಗೆ ಸೇರಲು ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ಹೇಳಿತು. ಮನಮೋಹನ್ ಸಿಂಗ್ ಅವರ ದಾಖಲೆಯ ಹುಟ್ಟುಹಬ್ಬದ ದಿನ.

ಈ ಕಲಂಗಳನ್ನು ಅವರೇ ಕೂತು ಬರೆದರು ಎಂದು ನಾನು ಹೇಳುವುದಿಲ್ಲ. ಶಿಕ್ಷಣ ಜೀವಿಸುವ ಹಕ್ಕಿನ ಭಾಗ ಎಂಬ ಮಾತು ಸುಪ್ರೀಂ ಕೋರ್ಟಿನಲ್ಲಿ ಬಂದಿದ್ದು 1992ರಲ್ಲಿ, ಅದೂ ನಮ್ಮ ಕರ್ನಾಟಕದ್ದೇ ಒಂದು ಕ್ಯಾಪಿಟೇಶನ್ ಶುಲ್ಕದ ಪ್ರಕರಣದಲ್ಲಿ. ಅದನ್ನು ಮೂಲಭೂತ ಹಕ್ಕು ಮಾಡಿದ ಸಂವಿಧಾನ ತಿದ್ದುಪಡಿ 2002ರದ್ದು, ಆಗ ವಾಜಪೇಯಿ ಅವರ ಸರ್ಕಾರ. ಎಷ್ಟೋ ಜನರ ದುಡಿಮೆ ಇದರಲ್ಲಿದೆ. ಆದರೆ ಕಾಯ್ದೆ ಜಾರಿಗೆ ಬಂದ ದಿನ ಪ್ರಧಾನಿಯಾಗಿ ದೇಶದ ಮುಂದೆ ಮಾತಾಡಿದವರು ಮನಮೋಹನ್ ಸಿಂಗ್. ಚಿಕ್ಕಂದಿನಲ್ಲಿ ಶಾಲೆಗೆ ತುಂಬಾ ದೂರ ನಡೆಯಬೇಕಿತ್ತು, ಸೀಮೆಎಣ್ಣೆ ದೀಪದ ಮಂದ ಬೆಳಕಿನಲ್ಲಿ ಓದಿದೆ, ಇವತ್ತು ನಾನು ಏನಾಗಿದ್ದೇನೋ ಅದು ಓದಿನಿಂದ ಎಂದರು. ಅವರು ತಮ್ಮ ಬಗ್ಗೆ ಮಾತಾಡುವುದೇ ಕಡಿಮೆ. ಅವತ್ತು ಮಾತಾಡಿದರು.

1991ರಲ್ಲಿ ದೊಡ್ಡವರ ದಾರಿಯಿಂದ ಕಾಗದ ತೆಗೆದರು, ಈ ಊರು ಅದನ್ನು ಎರಡೂ ಕೈಯಲ್ಲಿ ಬಾಚಿಕೊಂಡಿತು. 2009ರಲ್ಲಿ ಮಕ್ಕಳ ದಾರಿಯಿಂದಲೂ ಕಾಗದ ತೆಗೆದರು. ಆದರೆ ಅದು ನಮ್ಮ ಶಾಲೆಗಳ ಬಾಗಿಲಿಗೆ ಇನ್ನೂ ಬಂದು ಮುಟ್ಟಿಲ್ಲ. ನನ್ನ ನೋವು ಅಷ್ಟೇ.

ಅವರ ರಾಜಕೀಯವನ್ನೆಲ್ಲ ನಾನು ಒಪ್ಪಿಬಿಟ್ಟಿದ್ದೇನೆ ಎಂದುಕೊಳ್ಳಬೇಡಿ. 2ಜಿ, ಕಲ್ಲಿದ್ದಲು ಹಂಚಿಕೆಯ ಸಮಯದಲ್ಲಿ ಅವರು ಇನ್ನೂ ಜಾಸ್ತಿ ಮಾತಾಡಬೇಕಿತ್ತು, ಇನ್ನೂ ಬೇಗ ಗಟ್ಟಿಯಾಗಿ ನಿಲ್ಲಬೇಕಿತ್ತು ಎಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಲೋಕಸಭೆಗೆ ಒಮ್ಮೆಯೂ ಗೆಲ್ಲಲಿಲ್ಲ. 1999ರಲ್ಲಿ ದಕ್ಷಿಣ ದೆಹಲಿಯಲ್ಲಿ ನಿಂತು ಸೋತರು. ಅಸ್ಸಾಂನಿಂದ ರಾಜ್ಯಸಭೆಗೆ ಹೋಗುತ್ತಿದ್ದರು, ಅದಕ್ಕೆ ಗುವಾಹಟಿಯ ಒಂದು ಬಾಡಿಗೆ ಮನೆಯ ವಿಳಾಸ. ಅದರ ಬಗ್ಗೆಯೂ ಆಗ ಟೀಕೆ ಇತ್ತು.

ಆದರೆ 2003ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದಾಗ ಎದ್ದು ನಿಂತು, ಬಾಂಗ್ಲಾದೇಶದಂಥ ದೇಶಗಳಿಂದ ಕಿರುಕುಳಕ್ಕೆ ಹೆದರಿ ಓಡಿಬಂದ ಅಲ್ಪಸಂಖ್ಯಾತರಿಗೆ ಪೌರತ್ವ ಕೊಡುವಾಗ ಉದಾರವಾಗಿರಿ ಎಂದು ಕೇಳಿದ್ದು ನೆನಪಾಗುತ್ತದೆ. ಆ ಮಾತನ್ನು ಆಮೇಲೆ ಎಲ್ಲ ಪಕ್ಷದವರೂ ತಮತಮಗೆ ಬೇಕಾದಂತೆ ಎಳೆದಾಡಿದರು. ಅದನ್ನು ಬಿಡಿ. ಹಲ್ದ್ವಾನಿಗೆ ಬಂದಿಳಿದ ಹುಡುಗನ ಧ್ವನಿ ಅದರಲ್ಲಿ ನನಗೆ ಕೇಳಿಸುತ್ತದೆ. ಪ್ರಧಾನಿಯಾಗಿದ್ದ ಹತ್ತು ವರ್ಷದಲ್ಲಿ ಗಾಹ್‌ಗೆ ಹೋಗಲು ಆಗಲಿಲ್ಲ. 2008ರಲ್ಲಿ ಅಲ್ಲಿಯ ಹಳೆಯ ಸಹಪಾಠಿಯೊಬ್ಬರೇ ದೆಹಲಿಗೆ ಬಂದು ಭೇಟಿ ಮಾಡಿದರು, ಊರಿನ ಮಣ್ಣು, ನೀರು ತಂದಿದ್ದರು. ಅದನ್ನು ಕೈಗೆ ತೆಗೆದುಕೊಂಡಾಗ ಅವರಿಗೆ ಏನನ್ನಿಸಿತೋ. 2024ರ ಡಿಸೆಂಬರ್ 26ರಂದು ಅವರು ತೀರಿಕೊಂಡಾಗ ಆ ಹಳ್ಳಿಯವರೂ ಸೇರಿ ದುಃಖಪಟ್ಟರು.

ಬೆಂಗಳೂರಿಗೂ ಅವರಿಗೂ ಸಂಬಂಧ ಏನು ಎಂದು ಯಾರಾದರೂ ಕೇಳಬಹುದು. ನಮ್ಮ ಮೆಟ್ರೊಗೆ 2006ರ ಜೂನ್ 24ರಂದು ಅಡಿಗಲ್ಲು ಹಾಕಿದವರು ಅವರೇ. ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿದ್ದು 2008ರಲ್ಲಿ, ರಾಜ್ಯೋತ್ಸವದ ಹಿಂದಿನ ದಿನ, ಅವರ ಸರ್ಕಾರ ಇದ್ದಾಗ. ಬೆಂಗಳೂರು ನಗರ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡುವುದಾಗಿ ರಾಜ್ಯ ಸರ್ಕಾರ 2025ರ ಬಜೆಟ್‌ನಲ್ಲಿ ಹೇಳಿತು. ಸಂತೋಷ. ಆದರೆ ವಿಶ್ವವಿದ್ಯಾಲಯದ ಬೋರ್ಡಿನ ಮೇಲೆ ಅವರ ಹೆಸರಿದ್ದು, ಅದೇ ಊರಿನಲ್ಲಿ ಅವರಂತೆ ಕಾಗದ ಇಲ್ಲದೆ ಬಂದ ಮಗು ಮೂರನೇ ಕ್ಲಾಸಿಗೂ ಸೇರಲಾಗದೆ ಶೆಡ್‌ನಲ್ಲಿ ಕೂತಿದ್ದರೆ ಹೇಗೆ?

ಈ ಮಕ್ಕಳು ನಿರಾಶ್ರಿತರಲ್ಲ, ಕೂಲಿಗೆ ಬಂದವರ ಮಕ್ಕಳು, ಅದಕ್ಕೂ ಇದಕ್ಕೂ ಹೋಲಿಕೆ ಯಾಕೆ ಎಂದು ನಮ್ಮ ಅಣ್ಣ ಕೇಳಿದ. ನಿಜ, ಇವರ ಮನೆಗೆ ಯಾರೂ ಬೆಂಕಿ ಹಚ್ಚಿಲ್ಲ. ಮಳೆ ಕೈಕೊಟ್ಟಿದೆ, ಸಾಲ ಆಗಿದೆ, ಊರಿನಲ್ಲಿ ಕೆಲಸ ಇಲ್ಲ. ಆದರೆ ಹೊಸ ಊರಿಗೆ ಬಂದಿಳಿದ ಮಗುವಿನ ಕಡೆಯಿಂದ ನೋಡಿ. ಹಿಂದಿನ ಶಾಲೆ ದೂರ ಆಯಿತು, ಭಾಷೆ ಬೇರೆ, ಕೈಯಲ್ಲಿ ಕಾಗದ ಇಲ್ಲ. ಮಗುವಿಗೆ ಎರಡೂ ಒಂದೇ. ಕಾಯ್ದೆ ಬರೆದವರು ಕಾರಣ ಏನೇ ಇರಲಿ ಎಂದು ಬರೆದಿದ್ದು ಸುಮ್ನೆ ಅಲ್ಲ.

ಬಂದವರನ್ನು ಸೇರಿಸಿಕೊಳ್ಳುವುದು ನಮಗೆ ಬಾರದ ಕೆಲಸವೂ ಅಲ್ಲ. ವಿಭಜನೆಯ ಹೊತ್ತಿನಲ್ಲಿ ಎಲ್ಲವನ್ನೂ ಬಿಟ್ಟು ಬಂದ ಸಿಂಧಿಗಳು ಈ ಊರಿನಲ್ಲಿ ಅಂಗಡಿ ಇಟ್ಟರು, ಮನೆ ಕಟ್ಟಿದರು, ಕಾಕ್ಸ್ ಟೌನ್ ಕಡೆ ಹೋದರೆ ಸಿಂಧಿ ಕಾಲೋನಿ ಎಂಬ ಹೆಸರು ಇನ್ನೂ ಇದೆ. ಬೈಲಕುಪ್ಪೆಯಲ್ಲಿ ಟಿಬೆಟ್‌ನವರಿಗೆ ಜಾಗ ಕೊಟ್ಟು ಅರವತ್ತು ವರ್ಷ ದಾಟಿತು. ನಮ್ಮಮ್ಮನ ಕಾಲದಲ್ಲಿ ಜೂನ್ ಬಂದರೆ ಶಿಕ್ಷಕರೇ ಬೀದಿ ಬೀದಿ ಸುತ್ತಿ ಶಾಲೆಗೆ ಬರದ ಮಕ್ಕಳನ್ನು ಹುಡುಕುತ್ತಿದ್ದರು. ಅಮ್ಮ ಒಂದು ಸಲ ಜಾತ್ರೆಯಲ್ಲಿ ಬಲೂನು ಮಾರುತ್ತಿದ್ದ ಹುಡುಗನನ್ನು ಕರೆತಂದು ಸೇರಿಸಿಕೊಂಡಿದ್ದರು. ಅವನ ಟಿಸಿ ಎಲ್ಲಿ ಎಂದು ಮೇಲಿನವರು ಕೇಳಿದ್ದಕ್ಕೆ, ಮೊದಲು ಓದಲಿ ಸರ್, ಕಾಗದ ನಾನು ತರಿಸುತ್ತೇನೆ ಎಂದರಂತೆ. ತರಿಸಿದರು ಕೂಡ, ಆರು ತಿಂಗಳ ಮೇಲೆ.

ನಾನು ನಿಮ್ಮಲ್ಲಿ ಕೇಳುವುದು ಇಷ್ಟೇ. ಮಗುವನ್ನು ಮೊದಲು ಒಳಗೆ ಕೂರಿಸಿ. ಆಮೇಲೆ ಟಿಸಿಗೆ ನೀವೇ ಆ ಊರಿನ ಎಚ್‌ಎಂಗೆ ಫೋನ್ ಮಾಡಿ. ಒಬ್ಬ ಕೂಲಿಯವ ಮಾಡುವ ಫೋನಿಗೂ ಒಬ್ಬ ಎಚ್‌ಎಂ ಮಾಡುವ ಫೋನಿಗೂ ತುಂಬಾ ವ್ಯತ್ಯಾಸ ಇದೆ. ಹಿಂದಿನ ಸ್ಯಾಟ್ಸ್ ನಂಬರ್ ಇಲ್ಲದೆ ಕಂಪ್ಯೂಟರ್ ಒಪ್ಪದಿದ್ದರೆ ಹಾಜರಿ ಪುಸ್ತಕದಲ್ಲಿ ಪೆನ್ನಿನಿಂದ ಹೆಸರು ಬರೆದುಕೊಳ್ಳಿ, ಬಿಸಿಯೂಟ ಕೊಡಿ, ಕಂಪ್ಯೂಟರ್ ವಿಷಯ ಆಮೇಲೆ ನೋಡೋಣ. ಮೇಲಿನವರು ಪ್ರಶ್ನೆ ಮಾಡಿದರೆ 5ನೇ ಕಲಂ ತೋರಿಸಿ. ಬರೆದುಕೊಡಲು, ಓಡಾಡಲು ಜನ ಬೇಕಾದರೆ ನಾವು ಬರುತ್ತೇವೆ, ನಾನು ನಿಜವಾಗಿ ಹೇಳುತ್ತಿದ್ದೇನೆ.

ಈಗ ಅದೇ ಶೆಡ್‌ಗಳಲ್ಲಿ ಒಬ್ಬ ಹುಡುಗ ಇದ್ದಾನೆ. ಒಡಿಶಾದವನು, ಎಂಟು ವರ್ಷ ಇರಬಹುದು. ಹುಟ್ಟಿದ ದಿನ ತಾಯಿಗೆ ಗೊತ್ತಿಲ್ಲ, ರಥಯಾತ್ರೆ ಸಮಯ ಎನ್ನುತ್ತಾರೆ. ಊರಿನಲ್ಲಿ ಎರಡನೇ ಕ್ಲಾಸಿಗೆ ಹೋಗುತ್ತಿದ್ದನಂತೆ. ಹದಿಮೂರರವರೆಗೆ ಮಗ್ಗಿ ಬರುತ್ತದೆ, ಒಡಿಯಾದಲ್ಲಿ ಹೇಳುತ್ತಾನೆ. ಕನ್ನಡದಲ್ಲಿ ತನ್ನ ಹೆಸರು ಬರೆಯಲು ಕಲಿತಿದ್ದಾನೆ, ಒತ್ತಕ್ಷರ ಒಂದು ತಪ್ಪುತ್ತದೆ. ಸೋಮವಾರ ಅವನನ್ನೂ ಅವನ ತಾಯಿಯನ್ನೂ ಕರೆದುಕೊಂಡು ನಿಮ್ಮಲ್ಲೊಬ್ಬರ ಶಾಲೆಗೆ ಬರುತ್ತಿದ್ದೇನೆ. ಪ್ರಾರ್ಥನೆ ಮುಗಿಯುವವರೆಗೆ ಹೊರಗೆ ಕಾಯುತ್ತೇವೆ.

ಇಂತಿ,
ಹೆಣ್ಣೂರಿನಿಂದ, ಒಬ್ಬ ಮಿಸ್‌ನ ಮಗಳು